ಬಾಟ್ಲಿ ಕೆಳಗಿಡಿಸಿದ ಸುಂದರಬಾಯಿ

ಝಾಂಬಿಯಾದಿಂದ ಹೈದರಾಬಾದಿಗೆ ವಿಮಾನದ ಟಿಕೆಟ್ಟು ಅರವತ್ತೆರಡು ಸಾವಿರ. ಈ ದೇಶದಲ್ಲಿ ಹೇಗೆ ಬದುಕಬೇಕೆಂದು ಹೇಳಿಕೊಡುವ ಮೂರು ದಿನಗಳ ಹೋಟೆಲ್ ತರಬೇತಿಗೆ ನಲವತ್ತು ಸಾವಿರ. ನೀರಿನ ಫಿಲ್ಟರಿಗೆ ಹದಿನಾಲ್ಕು ಸಾವಿರ. ಇಷ್ಟೆಲ್ಲ ಆದಮೇಲೆ ಹುಮನಾಬಾದಿಗೆ ಬಂದಿಳಿಯುವ ಹುಡುಗಿಗೆ ಉಣ್ಣಿಸಿ, ಅಳು ನಿಲ್ಲಿಸಿ, ಇಲ್ಲಿ ನಿಲ್ಲುವಂತೆ ಮಾಡುವ ಸುಂದರಬಾಯಿಗೆ ತಿಂಗಳಿಗೆ ಆರೂವರೆ ಸಾವಿರ. ಅದೂ ಈ ತಿಂಗಳ ಕೊನೆಯವರೆಗೆ ಮಾತ್ರ.

ಬೆಳಗಿನ ಐದೂವರೆ. ಸಣ್ಣದೊಂದು ಕ್ರೈಸ್ತ ಸೇವಾಸಂಸ್ಥೆಯ ಅತಿಥಿಗೃಹದ ಅಡುಗೆಮನೆಯಲ್ಲಿ ಐವತ್ತೆಂಟರ ಸುಂದರಬಾಯಿ ಸೆರಗು ಸಿಕ್ಕಿಸಿಕೊಂಡು ಜೋಳದ ಹಿಟ್ಟು ತಿರುವುತ್ತಿದ್ದಾರೆ. ನೆಲದ ಮೇಲೆ ತಟ್ಟೆ ಹಿಡಿದು ಕುಳಿತವಳು ಇಪ್ಪತ್ನಾಲ್ಕರ ಚಿಲುಫ್ಯಾ. ದೇವರ ಸೇವೆಗೆಂದು ಮನೆ ಬಿಟ್ಟು ಬಂದ ಮಿಶನರಿ. ಸಂಸ್ಥೆಯ ಹಾಸ್ಟೆಲಿನ ಮಕ್ಕಳಿಗೆ ಹಾಡು ಕಲಿಸುತ್ತಾಳೆ, ಶುಕ್ರವಾರ ಬಸವಕಲ್ಯಾಣದ ಕಡೆಯ ಕೊಹಿನೂರು ಹಳ್ಳಿಯಲ್ಲಿ ಹೆಂಗಸರಿಗೆ ಹೊಲಿಗೆ.

ಮೊದಲ ಹದಿನೈದು ದಿನ ಈ ಹುಡುಗಿ ಬ್ರೆಡ್ಡು, ಬಿಸ್ಕತ್ತಿನಲ್ಲೇ ಇದ್ದಳು. ಊರಲ್ಲಿ ಏನು ಉಣ್ಣುತ್ತೀ ಎಂದು ಸುಂದರಬಾಯಿ ಹರಕು ಹಿಂದಿಯಲ್ಲಿ ಕೇಳಿದರು. ಅವಳು ಕೈಯಲ್ಲಿ ಮುದ್ದೆ ಕಟ್ಟಿ ತೋರಿಸಿದಳು. “ಇಷ್ಟೇ ಏನು! ಇದು ನಮ್ಮ ಮನ್ಯಾಗೂ ಅದ ಅಲ್ಲ ಅಂದೆ. ಆಕಿದು ಮೆಕ್ಕಿಜೋಳದ್ದು, ನಮ್ದು ಬಿಳಿಜೋಳದ್ದು. ಒಂದ್ ತುತ್ತು ಬಾಯಾಗ ಇಟ್ಕೊಂಡು ಅಳಾಕತ್ತಿದ್ಲು ನೋಡ್ರಿ, ನಾನೂ ಅತ್ತೆ,” ಎಂದು ಸುಂದರಬಾಯಿ ನಗುತ್ತಾರೆ.

ಮೂವತ್ತೊಂದು ವರ್ಷಗಳಲ್ಲಿ ಆರು ದೇಶಗಳ ಹತ್ತೊಂಬತ್ತು ಮಂದಿ ಈ ಅಡುಗೆಮನೆಯ ನೆಲದ ಮೇಲೆ ಕುಳಿತು ಎದ್ದಿದ್ದಾರೆ. ಅವಧಿಗೆ ಮುಂಚೆ ವಾಪಸ್ ಹೋದವನು ಒಬ್ಬನೇ, ಅದೂ ಕಾಮಾಲೆಯಾಗಿದ್ದರಿಂದ. ಎರಡನೆಯವಳಾಗಿ ಚಿಲುಫ್ಯಾ ಹೊರಟುಬಿಡುತ್ತಿದ್ದಳು.

ಆಗಿದ್ದಿಷ್ಟು. ಎಲ್ಲಿ ಹೋದರೂ ನಿಮ್ಮ ಬಾಟ್ಲಿಯ ನೀರೇ ಕುಡಿಯಿರಿ, ಬೇರೇನೂ ಮುಟ್ಟಬೇಡಿ ಎಂದು ಹೋಟೆಲಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕೊಹಿನೂರಿನ ಕೂಲಿಕಾರ ಹೆಂಗಸು ಮೀರಾಬಾಯಿ ಮನೆಗೆ ಬಂದವಳೆಂದು ಚಹಾ ಕೊಟ್ಟರು. ಹುಡುಗಿ ಬಾಟ್ಲಿ ಎತ್ತಿ ತೋರಿಸಿ ನಕ್ಕಳು. ಮೀರಾಬಾಯಿ ಕಪ್ಪು ಒಳಗೆ ಒಯ್ದರು. ಮುಂದಿನ ಶುಕ್ರವಾರ ಹೊಲಿಗೆಗೆ ಒಬ್ಬರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತನ್ನ ಕಪ್ಪು ಮೈಬಣ್ಣ ಇವರಿಗೆ ಆಗುವುದಿಲ್ಲವೆಂದು ಹುಡುಗಿ ಪೆಟ್ಟಿಗೆ ಕಟ್ಟಿದಳು.

“ನನಗ ಕೂಡ್ಲೇ ತಿಳೀತು,” ಎನ್ನುತ್ತಾರೆ ಸುಂದರಬಾಯಿ. “ನಮ್ಮವ್ವ ಕೂಲಿಗೆ ಹೋದ ಮನ್ಯಾಗ ಆಕಿಗಿ ಕಪ್ಪು ಬ್ಯಾರೆ ಇಡ್ತಿದ್ರು. ಹೊರಗ, ಗ್ವಾಡಿ ಸಂದ್ಯಾಗ. ಅಂಥಾದ್ದು ಉಂಡವ್ರಿಗಿ ಒಬ್ರು ಚಾ ಒಲ್ಲೆ ಅಂದ್ರ ಹ್ಯಾಂಗ ಆಗ್ತದ, ಯಾವ ಹೋಟೆಲ್‌ನ್ಯಾಗ ಕಲಿಸ್ತಾರ್ರಿ?”

ಮರುದಿನವೇ ಹುಡುಗಿಯನ್ನು ಬಸ್ಸು ಹತ್ತಿಸಿದರು. ಬಾಟ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಉಳಿಯಿತು. ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಕೊಹಿನೂರು ಮುಟ್ಟುವಷ್ಟರಲ್ಲಿ ಅವಳಿಗೆ ಮೂರೇ ಮಾತು ಬಾಯಿಪಾಠ ಮಾಡಿಸಿದ್ದರು.

ಮೀರಾಬಾಯಿ ಹೊಸ್ತಿಲಿನಲ್ಲೇ ತಡೆದರು. “ನಮ್ಮನ್ನ ದೂರ ಇಡಾಕ ಇಲ್ಲಿಯವ್ರು ಸಾಲ್ಲಿಲ್ಲಂತ ಪರದೇಶದಿಂದ ಈಕಿನ ಕರ್ಕೊಂಡು ಬಂದೀರೇನು? ಬಾಟ್ಲಿ ಎಲ್ಲದ?”

“ಬಿಟ್ಟು ಬಂದಾಳ. ನೀ ಮೊದ್ಲ ಚಾ ಇಡವ್ವಾ. ಆಕಿಗಿ ಕುದಿಸಿದ್ದೇ ಕುಡೀಬೇಕಂತ. ಚಾಕ್ಕಿಂತ ಕುದ್ದದ್ದು ಏನದ?”

ಮೀರಾಬಾಯಿಗೆ ನಗು ತಡೆಯಲಾಗಲಿಲ್ಲ. ಚಹಾ ಬಂತು. ಹುಡುಗಿ ಒಂದು ಹನಿ ಬಿಡದೆ ಕುಡಿದು, ಕಪ್ಪು ಮುಂದೆ ಚಾಚಿ, ಬಸ್ಸಿನಲ್ಲಿ ಕಲಿತ ಮೂರು ಮಾತನ್ನೂ ಖರ್ಚು ಮಾಡಿದಳು: “ಇನ್ನೊಂದ್ ಹಾಕ್ರಿ, ಅಕ್ಕಾ.”

ಹುಡುಗಿ ಕಟ್ಟಿದ ಪೆಟ್ಟಿಗೆ ಬಿಚ್ಚಿದಳು. ಆದರೆ ಸಂಸ್ಥೆಯ ವರದಿಯಲ್ಲಿ ಇದು ತರಬೇತಿಯ ಯಶಸ್ಸು! ಬಾಟ್ಲಿ ಕೈಗೆ ಕೊಟ್ಟವರ ಫೋಟೊ ಅಚ್ಚಾಗಿದೆ. ಕೆಳಗಿಡಿಸಿದವರ ಹೆಸರು ಎಲ್ಲೂ ಇಲ್ಲ. ಖರ್ಚು ಉಳಿಸಲು ಒಂದನೇ ತಾರೀಖಿನಿಂದ ಅಡುಗೆಮನೆ ಮುಚ್ಚಿ, ಊಟ ಹೊರಗಿನಿಂದ ತರಿಸುವುದೆಂದು ಸಮಿತಿ ತೀರ್ಮಾನಿಸಿದೆ. ತರಬೇತಿಯ ನಲವತ್ತು ಸಾವಿರಕ್ಕೆ ಯಾರೂ ಕೈ ಹಚ್ಚಿಲ್ಲ. ಬಸವಕಲ್ಯಾಣದಲ್ಲಿ ನಡೆದ ಸಭೆಯಲ್ಲಿ ಚಿಲುಫ್ಯಾ ಎದ್ದು ನಿಂತು, “ನನಗೆ ಕಲಿಸಿದ್ದು ಸುಂದರಬಾಯಿ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. “ಅಡುಗೆಯವರದ್ದು ಅಡುಗೆ ಕೆಲಸ ಅಷ್ಟೇ, ಅದಕ್ಕೆ ಸಂಬಳ ಕೊಟ್ಟಿದ್ದೇವಲ್ಲ,” ಎಂದು ಕಾರ್ಯದರ್ಶಿ ಮುಂದಿನ ವಿಷಯಕ್ಕೆ ಹೋದರು. ಮೂವತ್ತೊಂದು ವರ್ಷ ಸಂಸ್ಥೆಯ ಮರ್ಯಾದೆ ಕಾಪಾಡಿದವರ ಬಗ್ಗೆ ಇಷ್ಟೇ ಮಾತು!

“ಅಡಗಿಯಾಕಿ ಅಂತ ಬರ್ಕೊಳ್ಳಲಿ, ನಾ ಬ್ಯಾಡನ್ನಂಗಿಲ್ಲ,” ಎನ್ನುತ್ತಾರೆ ಸುಂದರಬಾಯಿ, ಮುದ್ದೆಯನ್ನು ತಟ್ಟೆಗೆ ಹಾಕುತ್ತ. “ಕಲಿಸಿದಾಕಿ ಅಂತ ಒಂದ್ ಸಾಲು ಸೇರಿಸ್ಲಿ. ಸಾಕು.”

ಆ ಸಾಲು ಇನ್ನೂ ಸೇರಿಲ್ಲ. ಕೊಹಿನೂರಿನ ಹೊಲಿಗೆ ತರಗತಿಗೆ ಈಗ ಹದಿನೇಳು ಹೆಂಗಸರು ಬರುತ್ತಾರೆ. ಸುಂದರಬಾಯಿಯ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ಜೂನಿನಲ್ಲಿ ಇನ್ನೊಬ್ಬ ಹುಡುಗಿ ಬರುತ್ತಾಳೆ, ಅವಳ ಕೈಯಲ್ಲೂ ಬಾಟ್ಲಿ ಇರುತ್ತದೆ. ಕೆಳಗಿಡು ಎನ್ನುವವರು ಇರುವುದಿಲ್ಲ.