ಲಗ್ನದ ದಿನ ಲಾಜಿಕ್ ಪರೀಕ್ಷೆ

ನನ್ನ ಮದುವೆಯ ಮುಹೂರ್ತವೂ ಇಂಟರ್ಮೀಡಿಯೆಟ್‌ನ ಲಾಜಿಕ್ ಪರೀಕ್ಷೆಯೂ ಒಂದೇ ಬೆಳಿಗ್ಗೆ ಬಿದ್ದವು. ಪುರೋಹಿತರಾಗಿದ್ದ ಅಪ್ಪ ನನ್ನನ್ನು ಆದೋನಿಯ ಕಾಲೇಜಿಗೆ ಕರೆದೊಯ್ದು, "ಈಕಿಗೆ ಬ್ಯಾರೆ ದಿನ ಪರೀಕ್ಷೆ ಇಡ್ರಿ" ಎಂದು ಕೇಳಿದರು.

"ಕುದರದು ಸ್ವಾಮೀ," ಎಂದರು ಪ್ರಿನ್ಸಿಪಾಲರು. "ಯೂನಿವರ್ಸಿಟಿ ನಿಯಮದಂಗ ಹುಡುಗಿಗೆ ಕಾಯಿಲೆ ಆಗಿರಬೇಕು, ಇಲ್ಲಾ ಮನ್ಯಾಗ ಸಾವಾಗಿರಬೇಕು. ಮದುವಿ ಎರಡೂ ಅಲ್ಲ."

ಮುಹೂರ್ತ ಬದಲಿಸಿದರೆ ಆಲೂರಿನ ಬೀಗರು ಸಂಬಂಧವನ್ನೇ ಮುರಿದಾರೆಂದು ಅಪ್ಪನಿಗೆ ದಿಗಿಲು. ಬದಲಿಸದಿದ್ದರೆ ವರ್ಷದ ಓದು ಹೋಗುತ್ತದೆಂದು ನನಗೆ. ಮನೆಗೆ ಬಂದವರೇ ಅಪ್ಪ ಪಂಚಾಂಗ ಬಿಚ್ಚಿ ಬಹಳ ಹೊತ್ತು ಬೆರಳು ಮಡಚಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಪರೀಕ್ಷೆ ಮುಗಿದ ಮ್ಯಾಲೆ ಇದಕ್ಕಿಂತ ಛಲೋ ಲಗ್ನ ಐತಿ," ಎಂದರು ಕೊನೆಗೆ. ಬೀಗರೂ ಒಪ್ಪಿದರು.

ಯೂನಿವರ್ಸಿಟಿಗಿಂತ ಗುರು, ಶುಕ್ರರೇ ಮೆತ್ತಗಿನವರೆಂದು ನನಗೆ ಆವತ್ತು ತಿಳಿಯಿತು.