ಕೊಟ್ಟಿಗೆಗೆ ಬಿದ್ದ ಗುಂಡು

ಬೆಳಗಿನ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಘೋಡಗೇರಿಯ ನಮ್ಮ ಕೊಟ್ಟಿಗೆಯ ಹಂಚು ಒಡೆದು, ನನ್ನಿಂದ ನಾಲ್ಕು ಮೊಳ ಆಚೆ ಒಂದು ಲೋಹದ ಗುಂಡು ಬಿತ್ತು. ಅಲ್ಲಿ ಕಟ್ಟಿದ್ದ ಎಮ್ಮೆ ಸತ್ತಿತು. ಆ ಸದ್ದು ಈಗಲೂ ನನಗೆ ಕೇಳುತ್ತದೆ.

ಆಕಾಶಕ್ಕೆ ಹಾರಿಸಿದ ಯಾವುದೋ ಯಂತ್ರದ ತುಂಡು ಅದು. ಮೇಲೆ ಪರದೇಶದ ಅಕ್ಷರಗಳಿದ್ದವು. ಗೋಕಾಕದಲ್ಲಿ ನಾನು ವಕೀಲಿ ಆರಂಭಿಸಿ ವರ್ಷವಾಗಿತ್ತು. ಹಿರಿಯ ವಕೀಲರಿಗೆ ಹೇಳಿದರೆ ನಕ್ಕರು.

"ಆಕಾಶಕ್ಕ ಸಮನ್ಸ್ ಕಳಸ್ತಿ ಏನ್ ತಮ್ಮಾ?"

"ಆಕಾಶಕ್ಕಲ್ರಿ, ಹಾರಿಸಿದವರಿಗೆ."

ಹಾರಿಸಿದ ದೇಶದಿಂದ ಪರಿಹಾರ ಕೊಡಿಸುವ ಕಾನೂನು ಇನ್ನೂ ದೇಶಗಳ ನಡುವೆ ಮಾತಿನಲ್ಲೇ ಇತ್ತು. ಅದು ಬರುವ ದಿನಕ್ಕೆ ನಮ್ಮ ಹತ್ತಿರ ಸಾಕ್ಷಿ ಇರಲೇಬೇಕೆಂದು ನಾನು ಹಠ ಹಿಡಿದೆ.

ಮನೆಗೆ ಬಂದರೆ ಅವ್ವ ಆ ಗುಂಡನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ವಿಭೂತಿ ಬಳಿದು ದೇವರ ಜಗಲಿಯ ಮೇಲಿಟ್ಟಿದ್ದಳು.

"ಮ್ಯಾಲಿಂದ ಬಂದದ್ದು, ಹೊಲಸ ಇಡಬಾರದು" ಎಂದಳು. ಅಕ್ಷರ ಒಂದೂ ಉಳಿದಿರಲಿಲ್ಲ.

ನಾಲ್ಕನೆಯ ದಿನ ಹುಕ್ಕೇರಿಯಿಂದ ಬಂದ ಪೊಲೀಸ್ ಸಾಹೇಬರು ಗುಂಡನ್ನು ಜೀಪಿಗೆ ಹಾಕಿಸಲು ಹೊರಟರು. ಸುಮ್ಮನೆ ಕೊಟ್ಟರೆ ನಾಳೆ ಎಮ್ಮೆ ತಾನಾಗಿ ಸತ್ತಿತೆನ್ನುತ್ತಾರೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮೊದಲ ಪಂಚನಾಮೆ ಬರೀರಿ, ಆಮ್ಯಾಲೆ ಒಯ್ರಿ."

"ಹೆಸರಿಲ್ಲದ ಗುಂಡಿಗೆ ಎಂಥಾ ಪಂಚನಾಮೆ?"

"ಹೆಸರು ಅಳಿಸೈತ್ರಿ. ಹಂಚಿನ ತೂತು ಅಳಿಸಿಲ್ಲ."

ಮಧ್ಯಾಹ್ನದವರೆಗೂ ನಾನು ಕದಲಲಿಲ್ಲ. ಕೊನೆಗೆ ಸಾಹೇಬರು ಬರೆದರು: ಗುಂಡು ಆಕಾಶದಿಂದ ಬಿದ್ದದ್ದು, ಅದರಿಂದ ಎಮ್ಮೆ ಸತ್ತದ್ದು. ಊರಿನ ಐವರು ಸಹಿ ಹಾಕಿದರು, ಅವ್ವ ಹೆಬ್ಬೆಟ್ಟು ಒತ್ತಿದಳು. ಅದರ ನಕಲನ್ನು ತಲೆದಿಂಬಿನ ಕೆಳಗಿಟ್ಟುಕೊಂಡ ಆ ರಾತ್ರಿ, ಗುಂಡು ಬಿದ್ದಂದಿನಿಂದ ಮೊದಲ ಬಾರಿಗೆ, ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.