ಹಡಗಿನ ಹೊಟ್ಟೆಯಲ್ಲಿದ್ದ ಹೆಬ್ಬೆಟ್ಟು

ಪೇಶ್ಕಾರ ಮಹಾಂತಯ್ಯ ನಮ್ಮಜ್ಜ; ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದಪತ್ರ ಇಡುವ ಗುಮಾಸ್ತ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಮನೆಯವರೆಲ್ಲ ನನ್ನ ಬಾಯಿ ಮುಚ್ಚಿಸುತ್ತಾರೆ. ಬದುಕಿದ್ದಾಗಂತೂ ಅವನೆದುರು ಯಾರೂ ತುಟಿ ಬಿಚ್ಚಲಿಲ್ಲ. ಸತ್ತ ಮೇಲೂ ಬಿಚ್ಚಬಾರದೆಂದರೆ ಇನ್ಯಾವಾಗ ಬಿಚ್ಚುವುದು? ಆದರೆ ಇದು ಅವನ ಕಥೆಯಲ್ಲ, ಉರುಕುಂದಮ್ಮನ ಕಥೆ. ನನಗೆ ಹೇಳಿದವಳು ಅಜ್ಜಿ ಚನ್ನವೀರಮ್ಮ.

ಅದು ನಿಜಾಮರ ಕಾಲ. ಉರುಕುಂದಮ್ಮ ಗದ್ವಾಲದ ನೇಕಾರರ ಓಣಿಯ ವಿಧವೆ. ಸೀರೆಯ ಹತ್ತಿ ಒಡಲಿಗೆ ರೇಷ್ಮೆ ಅಂಚು ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಎಳೆಗೆ ಎಳೆ ಹೊಸೆದರೆ ಜೋಡಿಸಿದ ಜಾಗ ಎಲ್ಲಿದೆಯೆಂದು ಉಗುರಿನಿಂದ ಸವರಿದರೂ ಸಿಗುತ್ತಿರಲಿಲ್ಲವಂತೆ. ವರ್ಷಗಟ್ಟಲೆ ನೂಲು ಕೊಯ್ದು ಬಲಗೈ ಹೆಬ್ಬೆರಳಿಗೆ ಅಡ್ಡಗೆರೆಯೊಂದು ಬಿದ್ದಿತ್ತು. ಒಬ್ಬನೇ ಮಗ ತಾಯಣ್ಣ. ಊರಿಗೆ ಬಂದ ಅಧಿಕಾರಿಯ ಸಾಮಾನು ಬಿಟ್ಟಿ ಹೊರಲು ಒಲ್ಲೆನೆಂದ, ಹಿಡಿಯಲು ಬಂದ ಜವಾನನನ್ನು ನೂಕಿದ. ಅಷ್ಟಕ್ಕೆ ಮೂರು ವರ್ಷ ಜೈಲು.

ನಮ್ಮಜ್ಜನಿಗೆ ಹಡಗಿನ ಹುಚ್ಚು. ಕೃಷ್ಣೆಯ ಹರಿಗೋಲು ಬಿಟ್ಟರೆ ಬೇರೆ ದೋಣಿ ಹತ್ತಿದವನಲ್ಲ, ಸಮುದ್ರ ಕಂಡವನಲ್ಲ. ಹೈದರಾಬಾದಿನಲ್ಲಿ ಯಾರೋ ದೊಡ್ಡವರ ದಿವಾನಖಾನೆಯಲ್ಲಿ ಗಾಜಿನ ಕಪಾಟಿನೊಳಗೆ ಮರದ ಹಾಯಿಹಡಗು ನೋಡಿ ಬಂದಿದ್ದ, ಅಷ್ಟೆ. ಅಂಥದ್ದೇ ಪುಟ್ಟ ಹಡಗು ಜೋಡಿಸುವ ಪೆಟ್ಟಿಗೆಯನ್ನು ಬೊಂಬಾಯಿಯಿಂದ ತರಿಸಿದ. ಅದರೊಳಗೆ ಪಕ್ಕೆಲುಬಿನಂಥ ಮರದ ತುಂಡುಗಳು, ಬೆರಳಗಲದ ತೆಳುಪಟ್ಟಿಗಳು, ಮೂರು ಕಂಬ, ಹಾಯಿಯ ಬಟ್ಟೆ, ನೂಲಿನ ಉಂಡೆ, ಹೇಗೆ ಜೋಡಿಸಬೇಕೆಂದು ತೋರಿಸುವ ನಕಾಶೆ. ಮರ ಜೋಡಿಸುವುದೇನೋ ಅವನಿಗೆ ಬಂತು. ಹಗ್ಗ ಕಟ್ಟುವುದು ಬರಲಿಲ್ಲ. ಪೆಟ್ಟಿಗೆಯ ನೂಲು ಒರಟು, ಅವನ ಬೆರಳು ಅದಕ್ಕಿಂತ ಒರಟು.

ಮಗನನ್ನು ಬೇಗ ಬಿಡಿಸುವ ಅರ್ಜಿ ಬರೆಸಲು ಉರುಕುಂದಮ್ಮ ನಮ್ಮ ಮನೆಯ ಅಂಗಳಕ್ಕೆ ಬಂದದ್ದು ಆಗಲೇ. ಅಜ್ಜ ಉರ್ದುವಿನಲ್ಲಿ ಅರ್ಜಿ ಬರೆದ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ, ಅವಳ ಬೆರಳುಗಳನ್ನೇ ನೋಡುತ್ತ ಹೇಳಿದ: “ಸಾಹೇಬರ ಮುಂದ ಇಡೂದು ನನ್ನ ಕೈಯಾಗ ಐತಿ. ಅಲ್ಲೀತನಕ ಈ ಹಗ್ಗ ಒಂದಿಷ್ಟು ಕಟ್ಟಿ ಕೊಡು.”

ಅವಳು ಕೂತಳು. ಒರಟು ನೂಲು ಬಿಸಾಕಿ ತನ್ನ ಮಗ್ಗದ ರೇಷ್ಮೆ ಎಳೆ ಹೊಸೆದಳು; ಕಂಬ ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಕಾಡಿಗೆ ಬಣ್ಣ ಹಾಕಿದಳು, ಹಾಯಿ ಎಳೆಯುವವನ್ನು ಬಿಳಿಯಾಗಿ ಬಿಟ್ಟಳು. ಕಂಬದ ಪಕ್ಕದ ಹಗ್ಗದ ಏಣಿಗಳಿಗೆ ಸಾಸಿವೆಯಷ್ಟು ಸಣ್ಣ ಗಂಟು ಹಾಕಿದಳು. “ಒಂದು ದೋಣಿಗೆ ಇಷ್ಟು ಹಗ್ಗ ಯಾಕ್ರಿ ಅಯ್ಯಾವ್ರ? ಓಡಿ ಹೋಗ್ತೈತೇನ್ರಿ?” ಎಂದು ಒಮ್ಮೆ ಕೇಳಿದಳಂತೆ. ಅಜ್ಜ ನಗಲಿಲ್ಲ. ಅರ್ಜಿಯ ಮಾತು ತೆಗೆದರೆ, “ಸಾಹೇಬರು ಹಳ್ಳಿ ತಿರುಗಾಕ ದೌರೆಗೆ ಹೋಗ್ಯಾರ” ಎನ್ನುತ್ತಿದ್ದ. ಹೀಗೆ ಒಂದು ವರ್ಷ ಕಳೆಯಿತು, ಒಂದು ಹಡಗು ಮುಗಿಯಿತು, ಎರಡನೆಯದು ಶುರುವಾಯಿತು. ಇದು ಇನ್ನೂ ದೊಡ್ಡದು. ಇದನ್ನು ತಾಲೂಕ್ದಾರ ಸಾಹೇಬರಿಗೆ ನಜರಾನಾ ಕಾಣಿಕೆ ಕೊಟ್ಟು ಮೇಲಿನ ಹುದ್ದೆ ಹಿಡಿಯುವ ಆಸೆ ಅಜ್ಜನದು.

ಗದ್ವಾಲದ ಬೇಸಿಗೆಗೆ ತೆಳುಪಟ್ಟಿಗಳು ಸೀಳು ಬಿಟ್ಟವು. ಅಜ್ಜ ನಕಾಶೆಯಲ್ಲಿಲ್ಲದ ಸುಧಾರಣೆ ಮಾಡಿದ: ಹಡಗಿನ ಒಳಮೈಗೆ ಗಟ್ಟಿ ಕಾಗದ ಅಂಟಿಸಿ ಮೇಲೆ ಹಲಗೆ ಮುಚ್ಚಿದ. ಅಂಟಿಗೆ ಗಂಜಿ ಕುದಿಸಿದವಳು ಉರುಕುಂದಮ್ಮ. ಉಳಿದ ಗಂಜಿಯನ್ನು ತಾನು ಕಟ್ಟಿದ ಹಗ್ಗಗಳಿಗೂ ಸವರಿದಳು. ಗಂಜಿ ಕುಡಿಯದ ನೂಲನ್ನು ನೇಕಾರರು ನೂಲೆಂದು ಎಣಿಸುವುದಿಲ್ಲ. ಕಚೇರಿಯವರಾದರೆ ಇಲಿ ಮುಟ್ಟದಂತೆ ಗಂಜಿಗೆ ಮೈಲುತುತ್ತ ಬೆರೆಸುತ್ತಾರೆ. ಮಗ್ಗದ ಗಂಜಿಗೆ ಅದೆಲ್ಲ ಬೇಕಿಲ್ಲ; ಸೀರೆ ಮುಗಿದರೆ ಮಾರಾಟಕ್ಕೆ ಹೊರಟೇ ಹೋಗುತ್ತದೆ. ಹಡಗು ಕಪಾಟಿನಲ್ಲಿ ಕೂರುವ ವಸ್ತು ಎಂಬುದು ಅವಳಿಗೆ ಹೊಳೆಯಲಿಲ್ಲ.

ಇಲಿಗಳಿಗೆ ಹೊಳೆಯಿತು. ಹಗ್ಗ ಕತ್ತರಿಸಿದವು, ಅಡಿಯಲ್ಲಿ ಅಂಗೈಯಗಲ ತೂತು ಕೊರೆದವು. ಮೂರು ದಿನದಲ್ಲಿ ಹಡಗು ತಾಲೂಕ್ದಾರರಿಗೆ ಹೋಗಬೇಕು. ಅಜ್ಜ ಉರುಕುಂದಮ್ಮನನ್ನು ಕರೆಸಿ ಬಾಯಿಗೆ ಬಂದಂತೆ ಬೈದು, ಸರಿಮಾಡಲು ಹೇಳಿ ಕಚೇರಿಗೆ ಹೋದ.

ಅವಳು ಹಡಗನ್ನು ಬೋರಲು ಹಾಕಿ ಬೆಳಕಿಗೆ ಹಿಡಿದಳು. ತೂತಿನೊಳಗೆ ಕಾಗದ, ಕಾಗದದ ಮೂಲೆಯಲ್ಲಿ ಹೆಬ್ಬೆಟ್ಟು, ಹೆಬ್ಬೆಟ್ಟಿಗೆ ಅಡ್ಡಗೆರೆ. ಅಕ್ಷರ ಬಾರದ ಹೆಂಗಸು. ಆದರೆ ಆ ಗೆರೆಯನ್ನು ಓದಲು ಅಕ್ಷರ ಬೇಕಿರಲಿಲ್ಲ. ಒಂದೂವರೆ ವರ್ಷ ಸಾಹೇಬರ ಮುಂದಿದೆ ಎಂದುಕೊಂಡಿದ್ದ ಅರ್ಜಿಯನ್ನು ಅವಳೇ ಕುದಿಸಿದ ಗಂಜಿಯಲ್ಲಿ ಅಜ್ಜ ಹಡಗಿಗೆ ಅಂಟಿಸಿದ್ದ!

“ಅಮ್ಮಾವ್ರ, ಒಂದು ಕೊಪ್ಪರಿಗಿ ಬಿಸಿನೀರು ಕೊಡ್ರಿ” ಎಂದಳು. ಗಂಜಿಗೆ ಇರಬೇಕೆಂದು ಅಜ್ಜಿ ಕೊಟ್ಟಳು. ಉರುಕುಂದಮ್ಮ ಹಡಗನ್ನೇ ಅದರಲ್ಲಿ ಮುಳುಗಿಸಿದಳು. ಗಂಜಿ ಹತ್ತಿದ್ದನ್ನು ಬಿಡಿಸುವುದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಪಟ್ಟಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಾಗದವನ್ನು ಎಲ್ಲೂ ಹರಿಯದಂತೆ ಎತ್ತಿ ಒರಳುಕಲ್ಲಿನ ಮೇಲೆ ಹಾಸಿದಳು. ನೀಲಿ ಶಾಯಿಯ ಬರಹವೆಲ್ಲ ನೀರಿಗೆ ಹೋಗಿತ್ತು. ಉಳಿದದ್ದು ಒಂದೇ, ಎಣ್ಣೆಶಾಯಿಯ ಹೆಬ್ಬೆಟ್ಟು.

ಊಟಕ್ಕೆ ಬಂದ ಅಜ್ಜ ಕೊಪ್ಪರಿಗೆ ನೋಡಿದ, ಕಾಗದ ನೋಡಿದ. ಹೊಡೆದೇ ಬಿಡುತ್ತಾನೆಂದುಕೊಂಡಳಂತೆ ಅಜ್ಜಿ. ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು!

“ಸಾಹೇಬರ ಮುಂದ ಇಡ್ತೀನಿ ಅಂದಿದ್ರಿ, ಅಯ್ಯಾವ್ರ” ಎಂದಳು ಉರುಕುಂದಮ್ಮ.

“ಇಡ್ತೀನಿ ಬಿಡು.” ಕಾಗದವನ್ನು ಬಿಸಿಲಿಗೆ ಒಣಗಿಸಿದ, ಬಿಸಿ ತಂಬಿಗೆಯಿಂದ ಉಜ್ಜಿ ನೀಟು ಮಾಡಿದ, ಕೂತು ಹೆಬ್ಬೆಟ್ಟಿನ ಮೇಲಿನ ಖಾಲಿ ಜಾಗದ ತುಂಬ ಬರೆದ. ಬರೆಯುವಾಗ ಮುಖದಲ್ಲಿ ನಗೆಯಿತ್ತಂತೆ.

“ಏನು ಬರದ್ರಿ?”

“ನಿನ್ನ ಮಗನ ಅರ್ಜಿನ. ಇವತ್ತ ಹೋಗ್ತೈತಿ.”

ಉರುಕುಂದಮ್ಮ ಅತ್ತುಬಿಟ್ಟಳು. ಹಡಗು ಹಾಳು ಮಾಡಿದ್ದಕ್ಕೆ ತಪ್ಪಾಯಿತೆಂದು ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಅಜ್ಜ ಕೊಟ್ಟ ಮಾತು ತಪ್ಪಲಿಲ್ಲ, ಅರ್ಜಿ ಅಂದೇ ಹೋಯಿತು.

ತಾಯಣ್ಣ ಬೇಗ ಬರಲಿಲ್ಲ. ಮೂರು ವರ್ಷ ಪೂರ್ತಿ ಮುಗಿದ ಮೇಲೂ ಗದ್ವಾಲಕ್ಕೆ ಬರಲಿಲ್ಲ. ಐಜ ಎಂಬ ಊರಲ್ಲಿ ಹತ್ತಿ ಕೆಲಸಕ್ಕಿದ್ದಾನೆಂದು ಯಾರೋ ಹೇಳಿದರು. ಅವಳು ನಡೆದೇ ಹೋದಳು, ಮರುದಿನ ನಡೆದೇ ಬಂದಳು, ಸೀದಾ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಅಜ್ಜಿಯ ಮುಂದೆ ಕೂತಳು.

“ನಿಜಾಮ ಹುಜೂರರ ಹುಟ್ಟಿದ ದಿನಕ್ಕ ಬಿಡೋರ ಪಟ್ಟಿಯೊಳಗ ಅವನ ಹೆಸರು ಆಗಲೇ ಇತ್ತಂತ್ರಿ, ಅಮ್ಮಾವ್ರ. ಅರ್ಜಿನ ಬೇಕಾಗಿರಲಿಲ್ಲಂತ. ನನ್ನ ಅರ್ಜಿ ಹೋಗಿ ಹೆಸರು ಹೊಡದು ಹಾಕಿದ್ರಂತ. ಅವನ ಮುಂದ ಓದಿ ಹೇಳ್ಯಾರ. ಸದರಿ ಮಗ ಕುಡುಕ, ನನಗ ಹೊಡೀತಾನ, ಹೊರಗ ಬಂದ್ರ ನನ್ನ ಕೊಲ್ಲತಾನ, ಬಿಡಬ್ಯಾಡ್ರಿ ಅಂತ ನಾ ಕೇಳಿಕೊಂಡೀನಂತ.”

ಅಜ್ಜಿ ನೀರಿನ ತಂಬಿಗೆಯನ್ನು ಅವಳ ಮುಂದೆ ಸರಿಸಿದಳು.

“ಹೆಬ್ಬೆಟ್ಟು ನಿಂದ ಹೌದೋ ಅಲ್ಲೋ, ಅಷ್ಟು ಹೇಳು ಅಂದ. ನಂದ ಐತಪ್ಪಾ ಅಂದೆ. ಬಾಗಿಲಾ ಹಾಕ್ಕೊಂಡ. ಅಲ್ಲ ಅನ್ನಬೇಕಿತ್ತೇನ್ರಿ?”

ನಮ್ಮಜ್ಜಿಗೆ ಅಂದು ಬರೆಯುವಾಗಿನ ಆ ನಗೆ ನೆನಪಾಯಿತು. ಎದ್ದು ಹೋಗಿ ಗಂಡನನ್ನು ಕೇಳಬೇಕೆನ್ನಿಸಿತಂತೆ, ಆದರೆ ಹೋಗಲಿಲ್ಲ. ಅದಕ್ಕೆ ನಾನು ಅಜ್ಜಿಯನ್ನೂ ಕ್ಷಮಿಸಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಅಜ್ಜನ ದನಿ ಬಂತು. ಬೊಂಬಾಯಿಯಿಂದ ಬಂದ ಮೂರನೆಯ ಪೆಟ್ಟಿಗೆಯನ್ನು ಬಿಚ್ಚುತ್ತ ಕೂತಿದ್ದ.

“ಉರುಕುಂದಮ್ಮ ಬಂದಾಳೇನ? ಗಂಜಿ ಇಡಾಕ ಹೇಳು. ಈ ಸಲ ಮೈಲುತುತ್ತ ಮರೀಬ್ಯಾಡ ಅನ್ನು.”